ಬೆನಗಲ್ ರಾಮರಾಯರ ರಾಜೀನಾಮೆ - ನೋಟಿಗೆ ಸಹಿ ಹಾಕುವವರ ಅಧಿಕಾರ ಎಷ್ಟು?

ಸಮಾಜ ವಿಜ್ಞಾನದ ಪರೀಕ್ಷೆಯಲ್ಲಿ ಪದೇ ಪದೇ ಬರುವ ಒಂದು ಪ್ರಶ್ನೆ: ರಿಸರ್ವ್ ಬ್ಯಾಂಕಿನ ಕಾರ್ಯಗಳು ಯಾವುವು? ನಮ್ಮ ಮಕ್ಕಳು ಕಣ್ಣು ಮುಚ್ಚಿ ಬರೆಯುತ್ತಾರೆ. ನೋಟು ಅಚ್ಚು ಹಾಕುವುದು, ಸಾಲ ನಿಯಂತ್ರಣ, ಸರಕಾರದ ಬ್ಯಾಂಕು, ಬ್ಯಾಂಕುಗಳ ಬ್ಯಾಂಕು. ನಾಲ್ಕು ಅಂಶ, ನಾಲ್ಕು ಅಂಕ. ಆದರೆ ಸರಕಾರ ಒಂದು ಹೇಳಿ ರಿಸರ್ವ್ ಬ್ಯಾಂಕಿನ ಗವರ್ನರ್ ಇನ್ನೊಂದು ಹೇಳಿದರೆ ಯಾರ ಮಾತು ನಡೆಯುತ್ತದೆ ಎಂದು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ. ಈ ಪ್ರಶ್ನೆಗೆ ಸ್ವತಂತ್ರ ಭಾರತದಲ್ಲಿ ಮೊದಲ ಉತ್ತರ ಸಿಕ್ಕಿದ್ದು 1957ರ ಜನವರಿಯಲ್ಲಿ. ಅಂದು ಸೋತು ಹೊರಬಂದವರು ನಮ್ಮ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಮನೆತನದವರು, ಸರ್ ಬೆನಗಲ್ ರಾಮರಾಯರು.

ಹೆಸರು ಕೇಳಿದ ಕೂಡಲೇ ಕನ್ನಡ ಅಧ್ಯಾಪಕರಿಗೆ ಬೇರೊಬ್ಬರ ನೆನಪಾಗಬಹುದು. 1925ರಲ್ಲಿ ಬೆಳಗಾವಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರೂ ಬೆನಗಲ್ ರಾಮರಾಯರೇ. ಅವರು ಬೇರೆ, ಇವರು ಬೇರೆ. ನಾವು ಹೇಳ ಹೊರಟಿರುವವರು 1889ರಲ್ಲಿ ಹುಟ್ಟಿದವರು, ಮಂಗಳೂರಿನ ವೈದ್ಯ ಬೆನಗಲ್ ರಾಘವೇಂದ್ರರಾಯರ ಮಗ. ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದ ಸರ್ ಬಿ.ಎನ್. ರಾಯರು ಇವರ ಅಣ್ಣ. ಪತ್ರಕರ್ತರೂ ದಕ್ಷಿಣ ಕನ್ನಡದ ಸಂಸದರೂ ಆಗಿದ್ದ ಬಿ. ಶಿವರಾಯರು ಇನ್ನೊಬ್ಬ ಸಹೋದರ. ಕುಟುಂಬ ಯೋಜನೆಯ ಚಳವಳಿಯಲ್ಲಿ ಜಗತ್ತಿಗೇ ಪರಿಚಿತರಾದ ಧನವಂತಿ ರಾಮರಾವ್ ಅವರ ಪತ್ನಿ. ಒಂದೇ ಮನೆಯಿಂದ ಇಷ್ಟು ಜನ!

ರಾಮರಾಯರು ಮದರಾಸಿನಲ್ಲೂ ಕೇಂಬ್ರಿಜ್‌ನಲ್ಲೂ ಓದಿ ಐ.ಸಿ.ಎಸ್. ಸೇರಿದರು. ಲಂಡನ್, ದಕ್ಷಿಣ ಆಫ್ರಿಕಾ, ಮುಂಬಯಿಯ ಪೋರ್ಟ್ ಟ್ರಸ್ಟ್, ಜಪಾನ್, ಕೊನೆಗೆ ಅಮೆರಿಕದಲ್ಲಿ ಭಾರತದ ರಾಯಭಾರಿ... ಹೀಗೆ ಸುತ್ತಿ ಬಂದು 1949ರ ಜುಲೈ 1ರಂದು ರಿಸರ್ವ್ ಬ್ಯಾಂಕಿನ ಗವರ್ನರ್ ಆದರು. ಏಳೂವರೆ ವರ್ಷ ಆ ಕುರ್ಚಿಯಲ್ಲಿದ್ದರು. ಅಷ್ಟು ದೀರ್ಘ ಕಾಲ ಆ ಹುದ್ದೆಯಲ್ಲಿದ್ದವರು ಇನ್ನೊಬ್ಬರಿಲ್ಲ.

ಅವರು ಬರುವ ಆರು ತಿಂಗಳ ಮೊದಲು, 1949ರ ಜನವರಿ 1ಕ್ಕೆ, ರಿಸರ್ವ್ ಬ್ಯಾಂಕು ರಾಷ್ಟ್ರೀಕರಣಗೊಂಡಿತ್ತು. 1935ರ ಏಪ್ರಿಲ್ 1ರಂದು ಹುಟ್ಟಿದಾಗ ಅದು ಖಾಸಗಿ ಶೇರುದಾರರ ಬ್ಯಾಂಕು. ಆಗಲೂ ಜಗಳ ಇರಲಿಲ್ಲವೆಂದಲ್ಲ. ಮೊದಲ ಗವರ್ನರ್ ಓಸ್ಬೋರ್ನ್ ಸ್ಮಿತ್ ಬ್ರಿಟಿಷ್ ಸರಕಾರದ ಹಣಕಾಸು ಸದಸ್ಯರ ಜೊತೆ ರೂಪಾಯಿಯ ಬೆಲೆ, ಬಡ್ಡಿ ದರ ಮುಂತಾದ ವಿಷಯಗಳಲ್ಲಿ ಮುನಿಸಿಕೊಂಡು 1937ರಲ್ಲೇ ಹೊರಟುಹೋದರು. ಅವರ ಸಹಿ ಇರುವ ಒಂದೇ ಒಂದು ನೋಟೂ ಇಲ್ಲ, ಯಾಕೆಂದರೆ ರಿಸರ್ವ್ ಬ್ಯಾಂಕಿನ ನೋಟುಗಳು ಹೊರಬಂದದ್ದು 1938ರಲ್ಲಿ. ಅಂತೂ ರಾಷ್ಟ್ರೀಕರಣದ ನಂತರ ಕಾಯಿದೆಯ 7ನೇ ವಿಧಿಯಲ್ಲಿ ಒಂದು ಮಾತು ಸೇರಿತು: ಸಾರ್ವಜನಿಕ ಹಿತಕ್ಕಾಗಿ ಅಗತ್ಯವೆಂದು ಕಂಡರೆ, ಗವರ್ನರರ ಜೊತೆ ಸಮಾಲೋಚಿಸಿದ ನಂತರ, ಕೇಂದ್ರ ಸರಕಾರವು ಬ್ಯಾಂಕಿಗೆ ನಿರ್ದೇಶನ ನೀಡಬಹುದು. ಈ ಸಾಲನ್ನು ನೆನಪಿನಲ್ಲಿಡಿ.

ಈಗ ಸ್ವಲ್ಪ ಬಡ್ಡಿಯ ಲೆಕ್ಕ. ಕಾಸರಗೋಡಿನ ಅಡಿಕೆ ವ್ಯಾಪಾರಿಯೊಬ್ಬ ಮಂಗಳೂರಿನ ಮಂಡಿಗೆ ಮಾಲು ಕಳಿಸುತ್ತಾನೆ ಎಂದುಕೊಳ್ಳೋಣ. ಹಣ ಬರುವುದು ಮೂರು ತಿಂಗಳ ನಂತರ. ಅಷ್ಟರವರೆಗೆ ಕಾಯಲಾರದೆ, ಇಂಥ ದಿನ ಇಷ್ಟು ಹಣ ಸಲ್ಲುತ್ತದೆ ಎಂಬ ಹುಂಡಿಯನ್ನು ಬ್ಯಾಂಕಿಗೆ ಕೊಟ್ಟು, ಬಡ್ಡಿ ಮುರಿದುಕೊಂಡು ಉಳಿದ ಹಣ ಪಡೆಯುತ್ತಾನೆ. ಬ್ಯಾಂಕಿಗೂ ಕೈ ಕಟ್ಟಿದಾಗ ಅದು ಅದೇ ರೀತಿಯ ಹುಂಡಿಗಳ ಆಧಾರದಲ್ಲಿ ರಿಸರ್ವ್ ಬ್ಯಾಂಕಿನಿಂದ ಸಾಲ ತರುತ್ತದೆ. ರಿಸರ್ವ್ ಬ್ಯಾಂಕು ಆ ಸಾಲಕ್ಕೆ ಹಾಕುವ ಬಡ್ಡಿ ಏರಿದರೆ ಬ್ಯಾಂಕು ವ್ಯಾಪಾರಿಗೆ ಹಾಕುವ ಬಡ್ಡಿಯೂ ಏರುತ್ತದೆ. ವ್ಯಾಪಾರಿ ಅಡಿಕೆ ಕೊಳ್ಳುವಾಗ ಬೆಳೆಗಾರನಿಗೆ ಕೊಡುವ ದರದಲ್ಲಿ ಅದನ್ನು ಹಿಡಿಯುತ್ತಾನೆ. ಮುಂಬಯಿಯ ಒಂದು ಕೋಣೆಯಲ್ಲಿ ಕಾಲು ಶೇಕಡಾ ಬದಲಾದದ್ದು ಬದಿಯಡ್ಕದ ತೋಟಕ್ಕೆ ಬಂದು ಮುಟ್ಟುವ ದಾರಿ ಇದು.

ರಾಮರಾಯರು 1951ರ ನವೆಂಬರಿನಲ್ಲಿ ಬ್ಯಾಂಕ್ ದರವನ್ನು ಶೇಕಡಾ 3ರಿಂದ 3.5ಕ್ಕೆ ಏರಿಸಿದರು. 1935ರಿಂದ ಹೆಚ್ಚುಕಡಿಮೆ ಅಲುಗಾಡದೆ ಕೂತಿದ್ದ ದರ ಅದು. ಮರುವರ್ಷ ಜನವರಿಯಲ್ಲಿ ಹುಂಡಿಗಳ ಮೇಲೆ ಬ್ಯಾಂಕುಗಳಿಗೆ ಸಾಲ ಕೊಡುವ ಯೋಜನೆಯನ್ನು ತಂದರು. ಅದು ಬಳಕೆಗೆ ಬರಲೆಂದು ಮೊದಮೊದಲು ಬಡ್ಡಿಯಲ್ಲಿ ರಿಯಾಯಿತಿ ಕೊಟ್ಟು, ಹುಂಡಿಗೆ ಹಚ್ಚುವ ಮುದ್ರಾಂಕದ ಖರ್ಚಿನಲ್ಲಿ ಅರ್ಧವನ್ನೂ ರಿಸರ್ವ್ ಬ್ಯಾಂಕೇ ಭರಿಸುತ್ತಿತ್ತು.

ಅವರ ಕಾಲದ ಇನ್ನೊಂದು ಕೆಲಸ ನಮಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. 1951ರಲ್ಲಿ ರಿಸರ್ವ್ ಬ್ಯಾಂಕು ದೇಶದಾದ್ಯಂತ ಹಳ್ಳಿಗಳ ಸಾಲದ ಸಮೀಕ್ಷೆಯನ್ನು ಕೈಗೆತ್ತಿಕೊಂಡಿತು. ವರದಿ 1954ರಲ್ಲಿ ಬಂತು. ರೈತರು ಮಾಡುವ ಸಾಲದಲ್ಲಿ ಸಹಕಾರಿ ಸಂಘಗಳ ಪಾಲು ಶೇಕಡಾ 3.1. ಸರಕಾರದ್ದು 3.3. ಬ್ಯಾಂಕುಗಳದ್ದು ಶೇಕಡಾ ಒಂದೂ ಇಲ್ಲ, 0.9! ಸುಮಾರು 70 ಪಾಲು ಲೇವಾದೇವಿಗಾರರದ್ದು. ಈ ಅಂಕಿಗಳ ಬಲದಿಂದಲೇ 1955ರ ಜುಲೈ 1ರಂದು ಇಂಪೀರಿಯಲ್ ಬ್ಯಾಂಕು ಸ್ಟೇಟ್ ಬ್ಯಾಂಕ್ ಆಯಿತು. ಸಹಕಾರಿ ಸಂಘಗಳಿಗೆ ರಾಜ್ಯ ಮಟ್ಟದ ಬ್ಯಾಂಕು, ಜಿಲ್ಲಾ ಬ್ಯಾಂಕು ಎಂಬ ಮೆಟ್ಟಿಲುಗಳ ಮೂಲಕ ರಿಸರ್ವ್ ಬ್ಯಾಂಕಿನ ಹಣ ಇಳಿದು ಬರುವ ವ್ಯವಸ್ಥೆ ಬಲಗೊಂಡಿತು. ಪುತ್ತೂರಿನ ಮೊಳಹಳ್ಳಿ ಶಿವರಾಯರಂಥವರು ಸಹಕಾರದ ಬೀಜ ಬಿತ್ತಿದ್ದ ಜಿಲ್ಲೆ ನಮ್ಮದು, ಆದ್ದರಿಂದ ಸೊಸೈಟಿಯ ಬೆಳೆಸಾಲ ಎಂದರೆ ಏನೆಂದು ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ.

ಇನ್ನು 1956ಕ್ಕೆ ಬರೋಣ. ಆ ವರ್ಷದ ನವೆಂಬರ್ 1 ಎಂದರೆ ನಮಗೆ ಬೇರೆಯೇ ನೆನಪು. ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಅಂದು ಕೇರಳಕ್ಕೆ ಸೇರಿತು, ಉಳಿದ ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋಯಿತು. ನಮ್ಮ ಹಿರಿಯರು ಆ ದಿನಗಳಲ್ಲಿ ಪತ್ರಿಕೆಯ ಬೇರೆ ಸುದ್ದಿ ಓದಿರಲಿಕ್ಕಿಲ್ಲ. ಆದರೆ ಅದೇ ತಿಂಗಳುಗಳಲ್ಲಿ ದೇಶದ ಹಣದ ವ್ಯವಸ್ಥೆಯೂ ಸದ್ದಿಲ್ಲದೆ ಮಗ್ಗುಲು ಬದಲಾಯಿಸುತ್ತಿತ್ತು. ಎರಡನೇ ಪಂಚವಾರ್ಷಿಕ ಯೋಜನೆ ಶುರುವಾಗಿತ್ತು. ಉಕ್ಕಿನ ಕಾರ್ಖಾನೆ, ಅಣೆಕಟ್ಟು, ಯಂತ್ರೋಪಕರಣ, ಎಲ್ಲಕ್ಕೂ ಹಣ ಬೇಕು. ಅದುವರೆಗೆ ಚಲಾವಣೆಯಲ್ಲಿರುವ ನೋಟುಗಳಿಗೆ ಶೇಕಡಾ 40ರಷ್ಟು ಚಿನ್ನ ಹಾಗೂ ವಿದೇಶಿ ಆಸ್ತಿ ಇರಲೇಬೇಕೆಂಬ ನಿಯಮವಿತ್ತು. 1956ರ ಅಕ್ಟೋಬರಿನಲ್ಲಿ ಅದು ಹೋಯಿತು. ನೋಟು ಎಷ್ಟೇ ಇರಲಿ, ಇಂತಿಷ್ಟು ಕೋಟಿಯ ಆಸ್ತಿ ಇದ್ದರೆ ಸಾಕು ಎಂದಾಯಿತು. ಮರುವರ್ಷ ಅದನ್ನೂ ತಗ್ಗಿಸಿ 200 ಕೋಟಿಗೆ ಇಳಿಸಿದರು. ಅದರಲ್ಲಿ ಚಿನ್ನ 115 ಕೋಟಿಯದ್ದು. ಕಾಯಿದೆಯಲ್ಲಿ ಇಂದಿಗೂ ಅದೇ ಅಂಕಿ ಇದೆ.

ಬೇಕಾದಷ್ಟು ನೋಟು ಅಚ್ಚು ಹಾಕಿ ಎಲ್ಲರಿಗೂ ಹಂಚಿದರೆ ಬಡತನ ಹೋಗುವುದಿಲ್ಲವೇ ಎಂದು ತರಗತಿಯಲ್ಲಿ ಪ್ರತಿ ವರ್ಷ ಒಬ್ಬನಾದರೂ ಕೇಳುತ್ತಾನೆ. ತುಂಟ ಪ್ರಶ್ನೆಯಲ್ಲ, ಒಳ್ಳೆಯ ಪ್ರಶ್ನೆ. ಅಕ್ಕಿ ಅಷ್ಟೇ ಇದ್ದು ನೋಟು ಇಮ್ಮಡಿಯಾದರೆ ಅಕ್ಕಿಯ ಬೆಲೆ ಏರುತ್ತದೆ ಎಂದು ಹೇಳಿ ಮುಗಿಸುತ್ತೇವೆ. ಹಾಗಾದರೆ ಸಾಕು, ಇನ್ನು ಅಚ್ಚು ಹಾಕಬೇಡಿ ಎಂದು ಸರಕಾರಕ್ಕೆ ಹೇಳುವವರು ಯಾರು? ಹೇಳಿದರೆ ಕೇಳುತ್ತಾರೆಯೇ? ಕೇಂದ್ರ ಬ್ಯಾಂಕಿನ ಕತೆಯೆಲ್ಲ ಇಲ್ಲಿದೆ.

1956ರ ಆಗಸ್ಟಿನಲ್ಲಿ ಟಿ.ಟಿ. ಕೃಷ್ಣಮಾಚಾರಿ ಹಣಕಾಸು ಮಂತ್ರಿಯಾದರು. ಬುದ್ಧಿವಂತರು, ಮಾತು ಬಹಳ ಹರಿತ. ಅದೇ ನವೆಂಬರ್ 30ರಂದು ಹೊಸ ತೆರಿಗೆಗಳನ್ನು ಮಂಡಿಸುವಾಗ ಹುಂಡಿಗಳ ಮೇಲಿನ ಮುದ್ರಾಂಕ ಶುಲ್ಕವನ್ನು ವಿಪರೀತ ಏರಿಸಿದರು. ನೋಡಲು ಅದು ಬರೀ ತೆರಿಗೆ. ಆದರೆ ರಿಸರ್ವ್ ಬ್ಯಾಂಕಿನಿಂದ ಸಾಲ ತರಬೇಕಾದರೆ ಹುಂಡಿ ಬೇಕು, ಹುಂಡಿಗೆ ಮುದ್ರಾಂಕ ಬೇಕು. ರಿಸರ್ವ್ ಬ್ಯಾಂಕು ಕೊಡುತ್ತಿದ್ದ ರಿಯಾಯಿತಿಗಳೂ ಅಷ್ಟರಲ್ಲಿ ನಿಂತಿದ್ದವು. ಪರಿಣಾಮವಾಗಿ, ಬ್ಯಾಂಕುಗಳಿಗೆ ಶೇಕಡಾ 3.5ಕ್ಕೆ ಸಿಗುತ್ತಿದ್ದ ಹಣ ಶೇಕಡಾ 4 ಬಿತ್ತು. ಅಂದರೆ ಬಡ್ಡಿ ದರವನ್ನು ಏರಿಸಿದವರು ರಿಸರ್ವ್ ಬ್ಯಾಂಕಲ್ಲ, ದಿಲ್ಲಿಯ ಹಣಕಾಸು ಮಂತ್ರಿ.

ರಾಮರಾಯರು ಸುಮ್ಮನಿರಲಿಲ್ಲ. ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕಿನ ಕೇಂದ್ರ ಮಂಡಳಿಯ ಮುಂದೆ ವಿಷಯ ಇಟ್ಟರು. ಹಣದ ನೀತಿಯ ಮೇಲೆ ಪರಿಣಾಮ ಬೀರುವ ಕ್ರಮಗಳನ್ನು ಕೈಗೊಳ್ಳುವ ಮೊದಲು ಬ್ಯಾಂಕಿನೊಡನೆ ಸಮಾಲೋಚಿಸಬೇಕೆಂದು ಮಂಡಳಿಯೂ ಹೇಳಿತು. ಮಂತ್ರಿಗಳಿಗೆ ಸಿಟ್ಟು ಬಂತು. ರಿಸರ್ವ್ ಬ್ಯಾಂಕು ಹಣಕಾಸು ಇಲಾಖೆಯ ಒಂದು ವಿಭಾಗವಷ್ಟೇ ಎಂದರು, ಅದಕ್ಕೆ ಯೋಚಿಸುವ ಶಕ್ತಿ ಇದೆಯೇ ಎಂದೂ ಕೆಣಕಿದರು. ಮೂವತ್ತು ನಲವತ್ತು ವರ್ಷ ಸರಕಾರಿ ಸೇವೆಯಲ್ಲಿ ನುರಿತ, ಅರವತ್ತೇಳು ವರ್ಷದ ಮನುಷ್ಯನಿಗೆ ಅದು ಸಹಿಸುವ ಮಾತಾಗಿರಲಿಲ್ಲ.

ದೂರು ನೆಹರೂ ಅವರ ಬಳಿ ಹೋಯಿತು. 1957ರ ಜನವರಿ 1ರಂದು ನೆಹರೂ ಉತ್ತರ ಬರೆದರು. ಬ್ಯಾಂಕು ಸರಕಾರಕ್ಕೆ ಸಲಹೆ ಕೊಡಬೇಕಾದದ್ದು ಹೌದು, ಆದರೆ ಅದು ಸರಕಾರದ ಧೋರಣೆಗೆ ಹೊಂದಿಕೊಂಡೇ ನಡೆಯಬೇಕು ಎಂಬುದು ಪತ್ರದ ತಿರುಳು. ರಾಮರಾಯರು ರಾಜೀನಾಮೆ ಬರೆದು ಕಳಿಸಿದರು. ಎರಡನೇ ಬಾರಿ ವಿಸ್ತರಿಸಿದ ಅವಧಿ ಮುಗಿಯುವ ಮೊದಲೇ, ಜನವರಿ 14ಕ್ಕೆ, ಮುಂಬಯಿಯ ಕಚೇರಿ ಬಿಟ್ಟರು. ಹೊಸ ಗವರ್ನರ್ ಬಂದ ಮೇಲೆ ಅದೇ ಮೇ ತಿಂಗಳಲ್ಲಿ ಬ್ಯಾಂಕ್ ದರವನ್ನು ಅಧಿಕೃತವಾಗಿಯೇ ಶೇಕಡಾ 4 ಮಾಡಲಾಯಿತು.

ನೆಹರೂ ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಜನ ಮತ ಹಾಕಿ ಆರಿಸಿದ್ದು ಸರಕಾರವನ್ನು, ಗವರ್ನರನ್ನಲ್ಲ. ಯೋಜನೆ ಒಂದು ದಿಕ್ಕಿಗೆ, ಹಣ ಇನ್ನೊಂದು ದಿಕ್ಕಿಗೆ ಎಳೆದರೆ ಗಾಡಿ ಮುಂದೆ ಹೋಗದು. ಆದರೂ ಕೇಳಬೇಕಾದ್ದು ಇದೆ. ಕಾಯಿದೆಯ 7ನೇ ವಿಧಿ ಇದ್ದೇ ಇತ್ತಲ್ಲ? ಗವರ್ನರರನ್ನು ಕರೆದು ಸಮಾಲೋಚಿಸಿ, ಬರವಣಿಗೆಯಲ್ಲಿ ನಿರ್ದೇಶನ ಕೊಡಬಹುದಿತ್ತು. ಹಾಗೆ ಕೊಟ್ಟರೆ ಹೊಣೆ ಯಾರದೆಂದು ನಾಳೆ ಗೊತ್ತಾಗುತ್ತದೆ. ಮುದ್ರಾಂಕದ ಹಿಂಬಾಗಿಲಿನಿಂದ ಬಂದರೆ ಗೊತ್ತಾಗುವುದಿಲ್ಲ.

ಇನ್ನೊಂದು ಸಂಗತಿಯನ್ನೂ ಮುಚ್ಚಿಡಬಾರದು. ನಮ್ಮ ಊರಿನ ಕಡೆಯವರು ಎಂದ ಮಾತ್ರಕ್ಕೆ ರಾಮರಾಯರನ್ನು ವೀರನನ್ನಾಗಿ ಮಾಡಿ ಕೂರಿಸಿದರೆ ಚರಿತ್ರೆ ಆಗುವುದಿಲ್ಲ. ಅರ್ಧ ಶೇಕಡಾದ ಮುದ್ರಾಂಕಕ್ಕೆ ಕುರ್ಚಿ ಬಿಟ್ಟ ಅವರ ಕಾಲದಲ್ಲೇ, 1955ರಲ್ಲಿ, ಅದಕ್ಕಿಂತ ಎಷ್ಟೋ ದೊಡ್ಡ ಅಧಿಕಾರ ಬ್ಯಾಂಕಿನ ಕೈ ತಪ್ಪಿತ್ತು. ರಿಸರ್ವ್ ಬ್ಯಾಂಕಿನಲ್ಲಿ ಕೇಂದ್ರ ಸರಕಾರದ ಖಾತೆಯ ಹಣ 50 ಕೋಟಿಗಿಂತ ಕೆಳಗಿಳಿದರೆ, ಆ ಕೊರತೆ ತುಂಬುವಷ್ಟು ತಾತ್ಕಾಲಿಕ ಖಜಾನೆ ಹುಂಡಿಗಳು ತಾನಾಗಿ ಹುಟ್ಟಿಕೊಳ್ಳಬೇಕು, ರಿಸರ್ವ್ ಬ್ಯಾಂಕು ಅವನ್ನು ಇಟ್ಟುಕೊಂಡು ಹಣ ಕೊಡಬೇಕು. ಹೀಗೆ ಆಗ ಒಪ್ಪಂದವಾಗಿತ್ತು. ಕೇಳಬೇಕಾಗಿಲ್ಲ, ಒಪ್ಪಬೇಕಾಗಿಲ್ಲ. ಮನೆಯ ಯಜಮಾನನ ಜೇಬು ಬರಿದಾದಾಗಲೆಲ್ಲ ಅಂಗಡಿಯವನೇ ಬಂದು ತುಂಬಿಸಿ ಹೋಗುವ ಹಾಗೆ. ತಾತ್ಕಾಲಿಕ ಎಂದು ಶುರುವಾದದ್ದು ನಲವತ್ತು ವರ್ಷ ದಾಟಿ ನಡೆಯಿತು. ಸಿ. ರಂಗರಾಜನ್ ಗವರ್ನರ್ ಆಗಿದ್ದಾಗ, 1994ರಲ್ಲಿ ಸರಕಾರದ ಜೊತೆ ಒಪ್ಪಂದ ಮಾಡಿಕೊಂಡು, 1997ರಲ್ಲಿ ಅದನ್ನು ಪೂರ್ತಿ ನಿಲ್ಲಿಸಿದರು. ಅಷ್ಟರೊಳಗೆ ಎರಡು ತಲೆಮಾರು ಅಕ್ಕಿ, ಎಣ್ಣೆ, ಬಟ್ಟೆಗಳ ಬೆಲೆ ಏರುವುದನ್ನು ನೋಡುತ್ತ ದೊಡ್ಡದಾಗಿತ್ತು.

ಟಿ.ಟಿ.ಕೆ. ಅವರ ಕತೆಯೂ ಬೇಗ ಮುಗಿಯಿತು. ಜೀವ ವಿಮಾ ನಿಗಮದ ಹಣವನ್ನು ಹರಿದಾಸ್ ಮುಂಧ್ರಾ ಎಂಬ ಉದ್ಯಮಿಯ ಕಂಪನಿಗಳ ಶೇರಿಗೆ ಹಾಕಿದ ಪ್ರಕರಣದಲ್ಲಿ ಛಾಗ್ಲಾ ಆಯೋಗ ವಿಚಾರಣೆ ನಡೆಸಿತು. 1958ರ ಫೆಬ್ರವರಿಯಲ್ಲಿ ಅವರು ರಾಜೀನಾಮೆ ಕೊಟ್ಟರು. ಆ ವಿಚಾರಣೆಯಲ್ಲಿ ಸಾಕ್ಷಿ ಹೇಳಿದವರಲ್ಲಿ ರಿಸರ್ವ್ ಬ್ಯಾಂಕಿನ ಹೊಸ ಗವರ್ನರ್ ಎಚ್.ವಿ.ಆರ್. ಅಯ್ಯಂಗಾರ್ ಕೂಡ ಒಬ್ಬರು.

ದಿಲ್ಲಿಯ ಮುಂದೆ ತಲೆ ಬಾಗಿಸಿದ ಅದೇ ರಿಸರ್ವ್ ಬ್ಯಾಂಕು ಸಣ್ಣ ಬ್ಯಾಂಕುಗಳ ಮುಂದೆ ಎಷ್ಟು ದೊಡ್ಡದು ಎಂಬುದು ಮೂರು ವರ್ಷಗಳಲ್ಲಿ ಕೇರಳಕ್ಕೆ ಗೊತ್ತಾಯಿತು. ಆಗ ನಾವೂ ಕೇರಳದವರೇ. ಪಾಲಾಯಿಯಲ್ಲಿ 1927ರಲ್ಲಿ ಹುಟ್ಟಿದ ಪಾಲಾಯಿ ಸೆಂಟ್ರಲ್ ಬ್ಯಾಂಕು ರಾಜ್ಯದಲ್ಲೇ ದೊಡ್ಡದು. ಅದರ ಕೆಟ್ಟ ಸಾಲಗಳ ವಿಚಾರ ವರ್ಷಗಳಿಂದ ರಿಸರ್ವ್ ಬ್ಯಾಂಕಿಗೆ ತಿಳಿದಿತ್ತು. ಮುಚ್ಚಿದರೆ ಗಾಬರಿ ಹಬ್ಬುತ್ತದೆ, ಸರಿಹೋಗಬಹುದೇ ನೋಡೋಣ ಎಂದು ಕಾದರು. 1960ರ ಆಗಸ್ಟ್ 8ರಂದು ರಿಸರ್ವ್ ಬ್ಯಾಂಕಿನ ಅರ್ಜಿಯ ಮೇಲೆ ಕೇರಳ ಹೈಕೋರ್ಟು ಬ್ಯಾಂಕನ್ನು ಮುಚ್ಚಲು ಆದೇಶಿಸಿತು. ಸಣ್ಣ ಠೇವಣಿದಾರರು ಬಾಗಿಲ ಮುಂದೆ ನಿಂತದ್ದೇ ಬಂತು. ಮೊದಲೇ ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಒಂದು ಕಡೆ, ಉಳಿಸಬಹುದಾದ ಬ್ಯಾಂಕನ್ನು ಯಾಕೆ ಕೊಂದಿರಿ ಎಂದು ಇನ್ನೊಂದು ಕಡೆ. ಎರಡೂ ಬೈಗುಳ ರಿಸರ್ವ್ ಬ್ಯಾಂಕಿಗೇ ಬಿತ್ತು.

ಆ ಪೆಟ್ಟಿನಿಂದ ಎರಡು ಕಾನೂನು ಬಂದವು. ಒಂದು ಠೇವಣಿ ವಿಮೆ. 1962ರ ಜನವರಿ 1ರಿಂದ, ಬ್ಯಾಂಕು ಮುಳುಗಿದರೂ ಒಬ್ಬರಿಗೆ 1,500 ರೂಪಾಯಿಯವರೆಗೆ ಸಿಗುತ್ತದೆ ಎಂದಾಯಿತು. (2020ರ ಫೆಬ್ರವರಿಯಿಂದ ಅದು 5 ಲಕ್ಷ.) ಇನ್ನೊಂದು, ದುರ್ಬಲ ಬ್ಯಾಂಕಿನ ವ್ಯವಹಾರ ತಡೆಹಿಡಿದು ಅದನ್ನು ಬೇರೊಂದು ಬ್ಯಾಂಕಿನೊಳಗೆ ಸೇರಿಸುವ ಅಧಿಕಾರ. 1951ರಲ್ಲಿ ದೇಶದಲ್ಲಿ 566 ಬ್ಯಾಂಕುಗಳಿದ್ದವು. 1969ರ ಹೊತ್ತಿಗೆ ತೊಂಬತ್ತಕ್ಕೂ ಕಡಿಮೆ.

ಈ ಜರಡಿಯಲ್ಲಿ ನಮ್ಮ ಜಿಲ್ಲೆಯ ದೊಡ್ಡ ಬ್ಯಾಂಕುಗಳು ಮೇಲೆ ಉಳಿದವು, ಇನ್ನೂ ದೊಡ್ಡದಾದವು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕಟ್ಟಿದ ಕೆನರಾ ಬ್ಯಾಂಕು 1961ರಲ್ಲಿ ಬ್ಯಾಂಕ್ ಆಫ್ ಕೇರಳವನ್ನೂ, ನಂತರ ಕೇರಳದ ಇನ್ನೂ ಕೆಲವನ್ನು ಒಳಗೆ ಹಾಕಿಕೊಂಡಿತು. ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿಯಿಂದ ಬೆಳೆದ ಉಡುಪಿಯ ಸಿಂಡಿಕೇಟ್, ಅತ್ತಾವರ ಬಾಲಕೃಷ್ಣ ಶೆಟ್ಟರು ಸ್ಥಾಪಿಸಿದ ವಿಜಯಾ ಬ್ಯಾಂಕ್, ಮಂಗಳೂರಿನ ಕರ್ನಾಟಕ ಬ್ಯಾಂಕ್ ಕೂಡ ಹಾಗೆಯೇ ಸಣ್ಣವನ್ನು ಸೇರಿಸಿಕೊಂಡವು. 1969ರ ಜುಲೈ 19ರಂದು ರಾಷ್ಟ್ರೀಕರಣವಾದ 14 ಬ್ಯಾಂಕುಗಳಲ್ಲಿ ಕೆನರಾ, ಸಿಂಡಿಕೇಟ್ ಎರಡೂ ಇದ್ದವು. 1980ರ ಏಪ್ರಿಲ್ 15ರ ಆರರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಕಾರ್ಪೊರೇಷನ್ ಬ್ಯಾಂಕು, ವಿಜಯಾ ಬ್ಯಾಂಕು. ಇಪ್ಪತ್ತರಲ್ಲಿ ನಾಲ್ಕು ಒಂದೇ ಹಳೆಯ ಜಿಲ್ಲೆಯವು! ಗಡಿ ಬಂದ ಮೇಲೂ ನಮ್ಮ ಪೇಟೆಗಳಲ್ಲಿ ಕೌಂಟರಿನಲ್ಲಿ ಕನ್ನಡ ಕೇಳಿಸುತ್ತಿದ್ದ ಸ್ಥಳಗಳು ಇವು. 2019ರ ಏಪ್ರಿಲ್ 1ಕ್ಕೆ ವಿಜಯಾ, ಮರುವರ್ಷ ಅದೇ ದಿನ ಸಿಂಡಿಕೇಟ್, ಕಾರ್ಪೊರೇಷನ್ ಹೆಸರುಗಳು ಅಳಿಸಿಹೋದವು.

ಕೊನೆಗೆ 2016. ಆ ನವೆಂಬರ್ 8ರ ರಾತ್ರಿ 500, 1000ದ ನೋಟುಗಳು ಚಲಾವಣೆ ಕಳೆದುಕೊಂಡವು. ಸಾವಿರದ ನೋಟಿಗೆ ಇದು ಹೊಸದಲ್ಲ. 1946ರಲ್ಲಿ ರದ್ದಾಗಿದ್ದ ದೊಡ್ಡ ನೋಟುಗಳನ್ನು ರಾಮರಾಯರ ಕಾಲದಲ್ಲಿ, 1954ರಲ್ಲಿ, ಮತ್ತೆ ತಂದಿದ್ದರು, 1978ರಲ್ಲಿ ಮತ್ತೆ ರದ್ದು ಮಾಡಿದ್ದರು. ಆದರೆ ಆಗ ಸಾವಿರದ ನೋಟು ನೋಡಿದವರೇ ಕಡಿಮೆ. ಈ ಬಾರಿ ಕೂಲಿಯವರ ಕೈಯಲ್ಲೂ ಐನೂರರ ನೋಟಿತ್ತು. ನವೆಂಬರ್ 14ರಂದು ರಿಸರ್ವ್ ಬ್ಯಾಂಕು, ಜಿಲ್ಲಾ ಸಹಕಾರಿ ಬ್ಯಾಂಕುಗಳು ಹಳೆಯ ನೋಟು ಸ್ವೀಕರಿಸುವಂತಿಲ್ಲ, ಬದಲಾಯಿಸುವಂತಿಲ್ಲ ಎಂದಿತು. ಕೇರಳದಲ್ಲಿ ಆಗ ಸೊಸೈಟಿಗಳ ಹಣ ಇರುತ್ತಿದ್ದುದೇ ಜಿಲ್ಲಾ ಬ್ಯಾಂಕಿನಲ್ಲಿ. ಅಡಿಕೆ, ರಬ್ಬರ್ ಮಾರಿದ ಹಣವನ್ನು ಸೊಸೈಟಿಯಲ್ಲಿಟ್ಟವರು ತಮ್ಮದೇ ದುಡ್ಡಿಗೆ ಪರದಾಡಿದರು. ನವೆಂಬರ್ 18ರಂದು ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಮತ್ತು ಮಂತ್ರಿಗಳು ತಿರುವನಂತಪುರದ ರಿಸರ್ವ್ ಬ್ಯಾಂಕ್ ಕಚೇರಿಯ ಮುಂದೆ ಧರಣಿ ಕೂತರು.

ಕಾಯಿದೆಯ ಪ್ರಕಾರ ನೋಟು ರದ್ದು ಮಾಡಬೇಕೆಂದು ಶಿಫಾರಸು ಮಾಡಬೇಕಾದದ್ದು ರಿಸರ್ವ್ ಬ್ಯಾಂಕಿನ ಕೇಂದ್ರ ಮಂಡಳಿ. 1956ರಲ್ಲಿ ರಾಮರಾಯರು ದೂರು ಇಟ್ಟಿದ್ದ ಅದೇ ಮಂಡಳಿ. 2016ರಲ್ಲಿ ಅದು ಸೇರಿದ್ದು ಘೋಷಣೆಗೆ ಕೆಲವೇ ಗಂಟೆಗಳ ಮೊದಲು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, 2023ರ ಜನವರಿ 2ರಂದು ಐವರಲ್ಲಿ ನಾಲ್ವರು ನ್ಯಾಯಾಧೀಶರು ಕ್ರಮ ಸಿಂಧು ಎಂದರು. ಸರಕಾರ ಮತ್ತು ಬ್ಯಾಂಕಿನ ನಡುವೆ ಆರು ತಿಂಗಳು ಸಮಾಲೋಚನೆ ನಡೆದಿತ್ತು ಎಂಬುದನ್ನು ಅವರು ಎತ್ತಿ ಹಿಡಿದರು. ಒಪ್ಪದೆ ಬೇರೆ ತೀರ್ಪು ಬರೆದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಪ್ರಸ್ತಾಪ ಹೊರಟದ್ದು ಕೇಂದ್ರ ಸರಕಾರದಿಂದ, ಬ್ಯಾಂಕು ಸ್ವತಂತ್ರವಾಗಿ ಯೋಚಿಸಿದ ಕುರುಹು ಕಡತಗಳಲ್ಲಿ ಕಾಣುವುದಿಲ್ಲ, ಇಂಥ ಕ್ರಮಕ್ಕೆ ಸಂಸತ್ತಿನ ಕಾನೂನೇ ಬೇಕಿತ್ತು ಎಂದು ಅವರು ಬರೆದರು.